ಸೈಕ್ಲಿಕ್ ಎಎಂಪಿ ಚಾರ್ಟ್: ಎಲ್ಲರೂ ಎಡವುವ ಮೂರನೇ ಹಂತ

ಕಾಲೇಜುಗಳ ವಿಜ್ಞಾನ ವಸ್ತುಪ್ರದರ್ಶನಕ್ಕೆ ತೀರ್ಪು ಕೊಡಲು ಹೋದಾಗಲೆಲ್ಲ ನನಗೆ ಒಂದೇ ಚಾರ್ಟ್ ಎದುರಾಗುತ್ತದೆ. ಅಂಚಿಗೆಲ್ಲ ಗ್ಲಿಟರ್. ಮೇಲೆ ದಪ್ಪ ಅಕ್ಷರದಲ್ಲಿ ‘ಸೆಕೆಂಡ್ ಮೆಸೆಂಜರ್’. ಹಾರ್ಮೋನಿನಿಂದ ಹೊರಟ ಬಾಣ ಕೋಶಪೊರೆಯನ್ನು ತೂರಿಕೊಂಡು ಒಳಗೆ ಹೋಗಿರುತ್ತದೆ. ಅಲ್ಲಿಂದ ಸೈಕ್ಲಿಕ್ ಎಎಂಪಿಗೆ ಇನ್ನೊಂದು ಬಾಣ, ಕೊನೆಗೆ ‘ರೆಸ್ಪಾನ್ಸ್’. ಮುಗೀತು. ಹೊರಗೇ ನಿಲ್ಲುವ ಹಾರ್ಮೋನಿನ ಸುದ್ದಿಯನ್ನು ಕೋಶದೊಳಗೆ ಮುಟ್ಟಿಸುವ ಪುಟ್ಟ ಅಣು ಸೈಕ್ಲಿಕ್ ಎಎಂಪಿ, ಅದಕ್ಕೇ ಅದು ಎರಡನೇ ಸಂದೇಶವಾಹಕ. ಹಾರ್ಮೋನೇ ಒಳಗೆ ಬರುವುದಾದರೆ ಎರಡನೇ ಸಂದೇಶವಾಹಕ ಯಾಕೆ ಬೇಕಿತ್ತು ಹೇಳಿ?

ಮಕ್ಕಳದ್ದು ತಪ್ಪಲ್ಲ. ಪ್ರಥಮ ಪಿಯು ಪುಸ್ತಕದಲ್ಲಿ ಈ ವಿಷಯಕ್ಕೆ ಸಿಗುವುದೇ ನಾಲ್ಕು ಸಾಲು. ಚಾರ್ಟ್ ಸರಿಯಾಗಿ ಮಾಡಿದರೆ ಪಾಠವೂ ತಲೆಗೆ ಹೋಗುತ್ತದೆ. ಒಂದು ಭಾನುವಾರ ಮಧ್ಯಾಹ್ನ ಸಾಕು.

ಹಂತ 1: ಸಾಮಾನು

ದೊಡ್ಡ ಚಾರ್ಟ್ ಶೀಟ್, ಕತ್ತರಿ, ಎರಡೂ ಬದಿ ಅಂಟುವ ಟೇಪ್, ಒಂದಿಷ್ಟು ಹಳೇ ಲಗ್ನಪತ್ರಿಕೆ, ಸ್ಟಿಕರ್ ಬೊಟ್ಟಿನ ಎರಡು ಹಾಳೆ. ಲಗ್ನಪತ್ರಿಕೆಯ ಕಾಗದ ಗಟ್ಟಿ, ಪುಕ್ಕಟೆ ಬೇರೆ. ಥರ್ಮೋಕೋಲ್ ಬೇಡ, ಬಸ್ಸಿನಲ್ಲಿ ಒಯ್ಯುವಷ್ಟರಲ್ಲಿ ಮುರಿದಿರುತ್ತದೆ. ರೆಡಿಮೇಡ್ ಚಾರ್ಟ್ ಅಂತೂ ಬೇಡವೇ ಬೇಡ. ನಾನು ದುಡ್ಡು ಕೊಟ್ಟು ತಂದ ಒಂದರಲ್ಲಿ ಇನ್ಸುಲಿನ್ ಬಂದರೆ ಸೈಕ್ಲಿಕ್ ಎಎಂಪಿ ಹುಟ್ಟುತ್ತದೆ ಅಂತ ಅಚ್ಚು ಹಾಕಿದ್ದರು. ಇನ್ಸುಲಿನ್ನಿನ ದಾರಿಯೇ ಬೇರೆ. ಲಿವರಿನಲ್ಲಿ ಅದರ ಕೆಲಸ ಇದಕ್ಕೆ ತೀರಾ ಉಲ್ಟಾ.

ಹಂತ 2: ಹಾರ್ಮೋನು, ಗ್ರಾಹಕ

ಗ್ಲುಕಗಾನ್ ತೆಗೆದುಕೊಳ್ಳಿ (ರಕ್ತಕ್ಕೆ ಸಕ್ಕರೆ ಬಿಡು ಅಂತ ಲಿವರಿಗೆ ಹೇಳುವ ಹಾರ್ಮೋನು), ಲಿವರಿನ ಕೋಶ ಬರೆಯಿರಿ. ಎಲ್ಲರೂ ಅಡ್ರಿನಲಿನ್ ಅಂತ ಓಡುತ್ತಾರೆ, ನಾನು ಬೇಡ ಅನ್ನುತ್ತೇನೆ. ಅಡ್ರಿನಲಿನ್‌ಗೆ ಹಲವು ಬಗೆಯ ಗ್ರಾಹಕಗಳಿವೆ, ಅಂದರೆ ಹಾರ್ಮೋನನ್ನು ಹಿಡಿಯುವ ಪೊರೆಯ ಪ್ರೋಟೀನುಗಳು. ಅವುಗಳಲ್ಲಿ ಕೆಲವು ಸೈಕ್ಲಿಕ್ ಎಎಂಪಿ ಬಿಟ್ಟು ಕ್ಯಾಲ್ಸಿಯಂ ದಾರಿ ಹಿಡಿಯುತ್ತವೆ. ತೀರ್ಪುಗಾರರು ಅದನ್ನೇ ಕೇಳಿದರೆ ನೀವು ಸಿಕ್ಕಿಬಿದ್ದಂತೆ. ಗ್ಲುಕಗಾನ್ ಪೊರೆಯ ಹೊರಗೇ ಉಳಿಯಲಿ. ಗ್ರಾಹಕವನ್ನು ಪೊರೆಯ ಒಳಕ್ಕೂ ಹೊರಕ್ಕೂ ಏಳು ಸಲ ಹೊಲಿದ ದಾರದ ಹಾಗೆ ಬರೆಯಿರಿ.

ಹಂತ 3: ಜಿ ಪ್ರೋಟೀನ್, ಇಲ್ಲಿ ಅವಸರ ಬೇಡ

ಗ್ರಾಹಕದ ಸುದ್ದಿಯನ್ನು ಮುಂದಿನ ಕಿಣ್ವಕ್ಕೆ ದಾಟಿಸುವ ಮೂರು ತುಂಡಿನ ಪ್ರೋಟೀನ್ ಇದು. ನಾನು ನೋಡಿದ ಹತ್ತು ಚಾರ್ಟ್‌ಗಳಲ್ಲಿ ಎಂಟು ಇಲ್ಲೇ ಮಗುಚಿಕೊಂಡಿವೆ. ಆದ್ದರಿಂದ ಈ ಭಾಗವನ್ನು ಬರೆಯಬೇಡಿ. ಕತ್ತರಿಸಿ, ಕೈಯಲ್ಲಿ ಆಡಿಸುವ ಹಾಗೆ ಮಾಡಿ.

ಲಗ್ನಪತ್ರಿಕೆಯಿಂದ ಮೂರು ತುಂಡು ಕತ್ತರಿಸಿ: ದೊಡ್ಡದು ಆಲ್ಫಾ, ಸಣ್ಣವೆರಡು ಬೀಟಾ ಮತ್ತು ಗ್ಯಾಮಾ. ಬೀಟಾ, ಗ್ಯಾಮಾ ಒಂದಕ್ಕೊಂದು ಅಂಟಿಯೇ ಇರಲಿ, ಅವು ಬಿಡುವ ಜೋಡಿಯಲ್ಲ. ಆಲ್ಫಾದಲ್ಲಿ ಒಂದು ಚಿಕ್ಕ ಸೀಳು ಮಾಡಿ. ಅದರ ಪಕ್ಕ ಒಂದು ಪುಟ್ಟ ಕತ್ತರಿಯ ಚಿತ್ರ ಬರೆಯಿರಿ. ಯಾಕೆಂದು ಆಮೇಲೆ ಹೇಳುತ್ತೇನೆ.

ಈಗ ಎರಡು ಪಟ್ಟಿ. ಒಂದರ ಮೇಲೆ ‘ಜಿ’ (ಗ್ವಾನೊಸಿನ್) ಬರೆದು ಎರಡು ಬೊಟ್ಟು ಅಂಟಿಸಿ, ಅದು ಜಿಡಿಪಿ. ಇಲ್ಲಿ ಒಂದು ಬೊಟ್ಟು ಅಂದರೆ ಒಂದು ಫಾಸ್ಫೇಟ್. ಇನ್ನೊಂದಕ್ಕೆ ಮೂರು ಬೊಟ್ಟು, ಅದು ಜಿಟಿಪಿ. ಕೋಶ ಸುಮ್ಮನಿರುವಾಗ ಆಲ್ಫಾದ ಸೀಳಿನಲ್ಲಿ ಜಿಡಿಪಿ ಪಟ್ಟಿ ಸಿಕ್ಕಿಸಿರಬೇಕು. ಗ್ಲುಕಗಾನ್ ಬಂದು ಕೂತಾಗ ಗ್ರಾಹಕ ಸ್ವಲ್ಪ ತಿರುಚಿಕೊಳ್ಳುತ್ತದೆ, ಆಲ್ಫಾದ ಹಿಡಿತ ಸಡಿಲವಾಗುತ್ತದೆ, ಜಿಡಿಪಿ ಜಾರಿ ಬೀಳುತ್ತದೆ. ಕೋಶದೊಳಗೆ ಜಿಡಿಪಿಗಿಂತ ಜಿಟಿಪಿ ಜಾಸ್ತಿ. ಹಾಗಾಗಿ ಖಾಲಿ ಜಾಗಕ್ಕೆ ಬಂದು ಕೂರುವುದು ಸಾಮಾನ್ಯವಾಗಿ ಜಿಟಿಪಿಯೇ.

ತಪ್ಪು ಆಗುವುದು ಎಲ್ಲಿ ಗೊತ್ತಾ? ‘ಜಿಡಿಪಿಗೆ ಒಂದು ಫಾಸ್ಫೇಟ್ ಸೇರಿ ಜಿಟಿಪಿ ಆಗುತ್ತದೆ’ ಅಂತ ಬರೆಯುತ್ತಾರೆ. ಇಲ್ಲ. ಹಳೇ ಪಟ್ಟಿಗೆ ಮೂರನೇ ಬೊಟ್ಟು ಅಂಟಿಸುವ ಶಾರ್ಟ್‌ಕಟ್ ಮಾಡಬೇಡಿ. ಹಳೇ ಪಟ್ಟಿ ಪೂರ್ತಿ ಹೊರಗೆ, ಹೊಸ ಪಟ್ಟಿ ಪೂರ್ತಿ ಒಳಗೆ. ಇದು ಅದಲು ಬದಲು, ದುರಸ್ತಿ ಅಲ್ಲ. ಚಾರ್ಟಿನ ಕೆಳಗೆ ಒಂದು ಲಕೋಟೆ ಅಂಟಿಸಿ, ಕಿತ್ತ ಪಟ್ಟಿಯನ್ನು ಎಲ್ಲರೂ ನೋಡುವಂತೆ ಅದರೊಳಗೆ ಹಾಕಿ.

ಎರಡನೇ ತಪ್ಪು: ಜಿಟಿಪಿ ಹಿಡಿದ ಆಲ್ಫಾ ಬೀಟಾ–ಗ್ಯಾಮಾ ಜೋಡಿಯಿಂದ ಬೇರೆಯಾದ ಮೇಲೆ ಕೋಶದ ನಡುವೆ ತೇಲುವಂತೆ ತೋರಿಸುವುದು. ಅದು ಎಲ್ಲಿಗೂ ತೇಲುವುದಿಲ್ಲ. ಪೊರೆಯ ಒಳಮೈಗೆ ಅಂಟಿಕೊಂಡೇ ಪಕ್ಕಕ್ಕೆ ಜರುಗಿ ಅಡೆನೈಲಿಲ್ ಸೈಕ್ಲೇಸ್ ಅನ್ನುವ ಕಿಣ್ವವನ್ನು ಮುಟ್ಟುತ್ತದೆ. ಪೊರೆಯ ಗೆರೆಗುಂಟ ಟೇಪ್ ಹಾಕಿ, ಆಲ್ಫಾ ಆ ಗೆರೆಯ ಮೇಲೇ ಓಡಾಡಲಿ.

ಈ ಜಿಟಿಪಿ ಕಥೆಯ ಹಿಂದೆಯೂ ಒಂದು ಕಲಬೆರಕೆ ಮಾಲಿದೆ. ಅಮೆರಿಕದ ಮಾರ್ಟಿನ್ ರಾಡ್‌ಬೆಲ್ ಇಲಿಯ ಲಿವರಿನ ಪೊರೆಗೆ ಗ್ಲುಕಗಾನ್ ಕೊಟ್ಟು ನೋಡುತ್ತಿದ್ದರು. ಪ್ರಯೋಗಕ್ಕೆ ಬಳಸಿದ ಎಟಿಪಿಯಲ್ಲಿ (ಸೈಕ್ಲಿಕ್ ಎಎಂಪಿ ತಯಾರಾಗುವುದು ಮೂರು ಫಾಸ್ಫೇಟಿನ ಈ ಅಣುವಿನಿಂದ) ಜಿಟಿಪಿ ಬೆರೆತಿತ್ತು. ಕೆಲಸ ಮಾಡುತ್ತಿದ್ದದ್ದು ಆ ಬೆರಕೆಯೇ! ರಾಡ್‌ಬೆಲ್ ಮತ್ತು ಆಲ್‌ಫ್ರೆಡ್ ಗಿಲ್ಮನ್ ಅವರಿಗೆ ಜಿ ಪ್ರೋಟೀನಿನ ಕೆಲಸಕ್ಕೆ 1994ರಲ್ಲಿ ನೊಬೆಲ್ ಬಂತು.

ಹಂತ 4: ಉಂಗುರ ಮಾಡುವುದು

ಸೈಕ್ಲೇಸ್ ಎಟಿಪಿಯನ್ನು ಹಿಡಿದು ತುದಿಯ ಎರಡು ಫಾಸ್ಫೇಟ್ ಕಿತ್ತು ಬಿಸಾಡುತ್ತದೆ. ಉಳಿದ ಒಂದು ಫಾಸ್ಫೇಟ್ ಸಕ್ಕರೆಯ 5ನೇ ಕಾರ್ಬನ್ನಿಗೆ ಮೊದಲೇ ಅಂಟಿರುತ್ತದೆ. ಈಗ ಅದು ಬಾಗಿ 3ನೇ ಕಾರ್ಬನ್ನನ್ನೂ ಹಿಡಿದುಕೊಳ್ಳುತ್ತದೆ. ಉಂಗುರ ಆಯಿತು, ‘ಸೈಕ್ಲಿಕ್’ ಅನ್ನುವ ಹೆಸರು ಅಲ್ಲಿಂದಲೇ. ಉಂಗುರ ಬಿಟ್ಟು ಬರೀ ಎಎಂಪಿ ಬರೆದರೆ ಅದು ಬೇರೆಯೇ ಅಣು. ಇದು ಪುಟ್ಟ ಅಣು, ಅಣುತೂಕ 329 ಡಾಲ್ಟನ್ ಅಷ್ಟೇ, ನೀರಿನಲ್ಲಿ ಕರಗುತ್ತದೆ. ಹಾಗಾಗಿ ಪೊರೆ ಬಿಟ್ಟು ಕೋಶದೊಳಗೆ ಬೇಗ ಹರಡುತ್ತದೆ. ಕುದಿಸಿದರೂ ಜಗ್ಗುವುದಿಲ್ಲ. 1950ರ ದಶಕದಲ್ಲಿ ಅರ್ಲ್ ಸದರ್‌ಲ್ಯಾಂಡ್ ಮತ್ತು ಥಿಯೋಡರ್ ರಾಲ್ ಇದನ್ನು ಹಿಡಿದದ್ದು ಹಾಗೇ. ಲಿವರ್ ಅರೆದ ದ್ರವದಲ್ಲಿ ಹಾರ್ಮೋನಿನಿಂದ ಹುಟ್ಟಿದ ಏನೋ ಒಂದು, ಬಿಸಿ ಮಾಡಿದ ಮೇಲೂ ಕೆಲಸ ಮಾಡುತ್ತಿತ್ತು. ಪ್ರೋಟೀನ್ ಆಗಿದ್ದರೆ ಕೆಡುತ್ತಿತ್ತಲ್ವಾ? ಸದರ್‌ಲ್ಯಾಂಡ್‌ಗೆ 1971ರ ನೊಬೆಲ್.

ನಮ್ಮ ರೈತರು ಬೆಳೆಯುವ ಕೋಲಿಯಸ್ ಗೊತ್ತಲ್ಲ, ದೊಡ್ಡಪತ್ರೆಯ ನೆಂಟ? ಅದರ ಬೇರಿನ ಫೋರ್ಸ್ಕೋಲಿನ್ ಹಾರ್ಮೋನಿನ ಹಂಗಿಲ್ಲದೆ ಸೈಕ್ಲೇಸನ್ನು ನೇರವಾಗಿ ಎಬ್ಬಿಸುತ್ತದೆ. ಲ್ಯಾಬುಗಳಲ್ಲಿ ಇದಕ್ಕೆ ಬಹಳ ಬೆಲೆ. ಇದೇ ನೆಪದಲ್ಲಿ ಮಾರುವ ತೂಕ ಇಳಿಸುವ ಕ್ಯಾಪ್ಸೂಲ್‌ಗಳಿಗೆ ಮಾತ್ರ ದುಡ್ಡು ಸುರಿಯಬೇಡಿ.

ಹಂತ 5: ಕೈನೇಸ್

ಕೈನೇಸ್ ಅಂದರೆ ಬೇರೆ ಅಣುವಿಗೆ ಫಾಸ್ಫೇಟ್ ಅಂಟಿಸುವ ಕಿಣ್ವ. ಸೈಕ್ಲಿಕ್ ಎಎಂಪಿ ಎಬ್ಬಿಸುವ ಪ್ರೋಟೀನ್ ಕೈನೇಸ್ ಎ ನಾಲ್ಕು ತುಂಡಿನದು: ಕೆಲಸದವರು ಇಬ್ಬರು, ಅವರನ್ನು ಹಿಡಿದಿಟ್ಟ ಕಾವಲುಗಾರರು ಇಬ್ಬರು. ಒಬ್ಬೊಬ್ಬ ಕಾವಲುಗಾರನ ಮೇಲೆ ಎರಡೆರಡು ಸೈಕ್ಲಿಕ್ ಎಎಂಪಿ ಕೂತಾಗ ಕೆಲಸದವರು ಬಿಡುಗಡೆ. ನಾಲ್ಕು ಬೊಟ್ಟು ಅಂಟಿಸಿ ತೋರಿಸಿ, ಇಲ್ಲಿ ಮಾತ್ರ ಒಂದು ಬೊಟ್ಟು ಅಂದರೆ ಒಂದು ಸೈಕ್ಲಿಕ್ ಎಎಂಪಿ.

ಇಲ್ಲೊಂದು ಜಗಳ ನನ್ನದು. ಸಂದೇಶ ‘ಪ್ರತಿ ಹಂತದಲ್ಲೂ ಹತ್ತು ಪಟ್ಟು’ ಹಿಗ್ಗುತ್ತದೆ ಅಂತ ಚಾರ್ಟಿನ ಪಕ್ಕ ಏಣಿ ಬರೆಯುತ್ತಾರೆ. ಸುಮ್ನೆ ಚಂದಕ್ಕೆ. ಒಂದು ಗ್ರಾಹಕ ಹಲವು ಜಿ ಪ್ರೋಟೀನುಗಳನ್ನು ಎಬ್ಬಿಸಬಹುದು, ಒಂದು ಸೈಕ್ಲೇಸ್ ಬಹಳಷ್ಟು ಸೈಕ್ಲಿಕ್ ಎಎಂಪಿ ಮಾಡುತ್ತದೆ, ಸರಿ. ಆದರೆ ಒಂದು ಆಲ್ಫಾ ಒಂದು ಸಲಕ್ಕೆ ಎಬ್ಬಿಸುವುದು ಒಂದೇ ಸೈಕ್ಲೇಸನ್ನು. ಕೈನೇಸ್ ಬಳಿಯಂತೂ ಎರಡು ಕೆಲಸದವರನ್ನು ಬಿಡಿಸಲು ನಾಲ್ಕು ಅಣು ಖರ್ಚು. ಹಿಗ್ಗುವ ಕಡೆ ಮಾತ್ರ ಹಿಗ್ಗಿಸಿ.

ಹಂತ 6: ಕೈನೇಸಿನಿಂದ ಫಾಸ್ಫೊರಿಲೇಸ್ ಕೈನೇಸ್, ಅಲ್ಲಿಂದ ಫಾಸ್ಫೊರಿಲೇಸ್, ಗ್ಲೈಕೊಜೆನ್ (ಲಿವರಿನಲ್ಲಿ ಕೂಡಿಟ್ಟ ಸಕ್ಕರೆ) ಒಡೆದು ಕೊನೆಗೆ ರಕ್ತಕ್ಕೆ ಗ್ಲುಕೋಸ್. ನಾಲ್ಕು ಬಾಣ ಸಾಕು.

ಹಂತ 7: ಆಫ್ ಸ್ವಿಚ್

ಒಮ್ಮೆ ಒಬ್ಬ ಹುಡುಗಿ ಅಚ್ಚುಕಟ್ಟಾದ ಚಾರ್ಟ್ ಹಿಡಿದು ಕೊನೆತನಕ ಗಡಗಡ ಹೇಳಿದಳು. ‘ಊಟ ಆಯ್ತು ಅಂದ್ಕೋಮ್ಮ, ಗ್ಲುಕಗಾನ್ ಕಡಿಮೆಯಾಯ್ತು. ಇದು ನಿಲ್ಲೋದು ಹೇಗೆ?’ ಅಂದೆ. ಚಾರ್ಟನ್ನೇ ನೋಡುತ್ತಾ ನಿಂತಳು. ಅದರಲ್ಲಿ ಹಿಂದಕ್ಕೆ ಹೋಗುವ ಬಾಣವೇ ಇರಲಿಲ್ಲ.

ನಿಲ್ಲಿಸುವ ಜಾಗ ಎರಡಾದರೂ ಇರಬೇಕು. ಮೊದಲನೆಯದು, ಆಲ್ಫಾದ ಪಕ್ಕ ಬರೆದ ಆ ಪುಟ್ಟ ಕತ್ತರಿ. ಆಲ್ಫಾ ತಾನು ಹಿಡಿದ ಜಿಟಿಪಿಯ ಮೂರನೇ ಬೊಟ್ಟನ್ನು ತಾನೇ ಕತ್ತರಿಸುತ್ತದೆ. ಈಗ ಕೈಯಲ್ಲಿ ಜಿಡಿಪಿ, ಮತ್ತೆ ಬೀಟಾ–ಗ್ಯಾಮಾ ಜೊತೆ. ಎರಡನೆಯದು ಫಾಸ್ಫೊಡೈಎಸ್ಟರೇಸ್. ಅದು ಸೈಕ್ಲಿಕ್ ಎಎಂಪಿಯ ಉಂಗುರ ಬಿಚ್ಚಿ ಸಾದಾ ಎಎಂಪಿ ಮಾಡುತ್ತದೆ. ಕಾಫಿ ಈ ಕಿಣ್ವವನ್ನು ತಡೆದು ನಮ್ಮನ್ನು ಎಚ್ಚರ ಇಡುತ್ತದೆ ಅಂತ ಬರೆಯುವ ಆಸೆ ಎಲ್ಲರಿಗೂ. ಬೇಡ. ನಾವು ಕುಡಿಯುವಷ್ಟು ಕಾಫಿಯಲ್ಲಿ ಕೆಫೀನ್ ಮುಖ್ಯವಾಗಿ ನಿದ್ದೆ ತರಿಸುವ ಅಡೆನೊಸಿನ್ ಅಣುವಿನ ಗ್ರಾಹಕಕ್ಕೆ ಅಡ್ಡ ಕೂರುತ್ತದೆ.

ಕಾಫಿಯ ಬದಲು ಕಾಲರಾ ತೋರಿಸಿ. ಅದರ ವಿಷವನ್ನು 1959ರಲ್ಲಿ ಗುರುತಿಸಿದ್ದು ಕಲ್ಕತ್ತಾದ ಶಂಭುನಾಥ ಡೇ. ಆ ವಿಷ ಕರುಳಿನ ಕೋಶದ ಆಲ್ಫಾವನ್ನು ಕೆಡಿಸಿ ಆ ಕತ್ತರಿ ಕೆಲಸ ಮಾಡದಂತೆ ಮಾಡುತ್ತದೆ. ಸೈಕ್ಲಿಕ್ ಎಎಂಪಿ ಏರುತ್ತಲೇ ಹೋಗುತ್ತದೆ, ಕ್ಲೋರೈಡ್ ಕೋಶದಿಂದ ಕರುಳಿಗೆ ಸುರಿಯುತ್ತದೆ, ಅದರ ಹಿಂದೆ ಸೋಡಿಯಂ, ನೀರು. ಪಕ್ಕಕ್ಕೆ ಇನ್ನೊಂದು ಆಲ್ಫಾ ಕತ್ತರಿಸಿಟ್ಟುಕೊಳ್ಳಿ. ಯಾರಾದರೂ ಕೇಳಿದಾಗ ಕತ್ತರಿಯ ಚಿತ್ರದ ಮೇಲೆ ಒಂದು ತುಂಡು ಟೇಪ್ ಅಂಟಿಸಿ, ಮೂರನೇ ಬೊಟ್ಟು ಕಿತ್ತುಕೊಳ್ಳಿ ನೋಡೋಣ ಅಂತ ಅವರ ಕೈಗೇ ಕೊಡಿ.