ಮ್ಯಾನೇಜರ್ ಆದವರು ಆಫೀಸಿನಲ್ಲಿ ದೇವರನ್ನು ಎಲ್ಲಿಡಬೇಕು?

ಶಿರಸಿಯ ಒಂದು ಅಡಿಕೆ ವಖಾರಿಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದಾಗ ನಾನೊಂದು ಎಡವಟ್ಟು ಮಾಡಿದೆ. ದಿನಾ ಬೆಳಿಗ್ಗೆ ಎಲ್ಲರನ್ನೂ ಕೂರಿಸಿ ಹತ್ತು ನಿಮಿಷ ಧ್ಯಾನ. ಯಾರೂ ಬೇಡ ಅನ್ನಲಿಲ್ಲ, ನನಗೋ ಖುಷಿಯೋ ಖುಷಿ. ಮೂರು ವಾರ ಕಳೆದ ಮೇಲೆ ತೂಕದ ಹುಡುಗ ಮೆಲ್ಲಗೆ ಹೇಳಿದ: "ಸರ್, ಕಣ್ಣು ಮುಚ್ಚಿದ್ರೆ ಹೊರಗೆ ನಿಂತಿರೋ ಗಾಡಿಗಳೇ ಕಾಣ್ತವೆ. ಇಲ್ಲಿ ಹತ್ತು ನಿಮಿಷ ತಡ ಆದ್ರೆ ಸಂಜೆ ನನ್ನ ಬಸ್ ತಪ್ಪತ್ತೆ."

ರಜೆ, ಮುಂಗಡ ಎಲ್ಲ ನಿಮ್ಮ ಕೈಯಲ್ಲಿರುವಾಗ ಯಾರು ತಾನೇ ಬೇಡ ಅಂತಾರೆ? ಹಾಗಾಗಿ ಮೊದಲು ಮಾಡಬೇಕಾದ್ದು ಇಷ್ಟೇ, ನಿಮ್ಮ ಜಪ, ಧ್ಯಾನ, ವ್ರತ ನಿಮ್ಮ ಹತ್ತಿರವೇ ಇರಲಿ. ಕಾಲು ಗಂಟೆ ಮುಂಚೆ ಬಂದು ಒಬ್ಬರೇ ಸುಮ್ನೆ ಕೂತ್ಕೊಳ್ಳಿ, ಫೋನ್ ಡ್ರಾಯರಿನಲ್ಲಿ.

2000ದಲ್ಲಿ ಆಶ್ಮೋಸ್ ಮತ್ತು ಡುಶಾನ್ ಎಂಬ ಅಮೆರಿಕದ ಇಬ್ಬರು ಸಂಶೋಧಕರು ಕೆಲಸದ ಜಾಗದ ಅಧ್ಯಾತ್ಮವನ್ನು ಅಳೆಯಲು ಹೊರಟಾಗ ಮುಖ್ಯ ಅಂದುಕೊಂಡಿದ್ದು ಮೂರು: ಒಳಗಿನ ಬದುಕು, ಕೆಲಸದಲ್ಲಿ ಅರ್ಥ, ಜೊತೆಗಿರುವವರ ನಂಟು. ಇದು ಮತಧರ್ಮದ ವಿಷಯ ಅಲ್ಲ ಅಂತಲೂ ಹೇಳಿದ್ದರು.

ಅರ್ಥ ಅಂದರೆ ಭಾಷಣ ಬೇಡ. ಚಾಲಿ (ಒಣಗಿಸಿ ಸುಲಿದ ಅಡಿಕೆ) ರಾಶಿಯಿಂದ ಕೋಕಾ, ಅಂದರೆ ಕಳಪೆ ಅಡಿಕೆ, ಹೆಕ್ಕುವ ಹೆಂಗಸರು ದಿನವಿಡೀ ತಲೆ ಬಗ್ಗಿಸಿ ಕೂತಿರುತ್ತಾರೆ, ಆರಿಸಿದ ಮಾಲು ಯಾವ ದರಕ್ಕೆ ಹೋಯಿತು ಅಂತ ಅವರಿಗೆ ಯಾರೂ ಹೇಳುವುದಿಲ್ಲ. ಸಂಜೆ ಹೋಗಿ ಹೇಳಿ. ನಾನು ಮೊದಲ ಸಲ ಹೇಳಿದಾಗ ಒಬ್ಬಾಕೆ ಕೈಯಲ್ಲಿದ್ದ ಅಡಿಕೆಯನ್ನು ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, "ಇದಕ್ಕಾ?" ಅಂದಿದ್ದರು.

ರಜೆಯ ಪಟ್ಟಿ ವರ್ಷದ ಶುರುವಿಗೇ ಬರೆದಿಡಿ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆ, ಶುಕ್ರವಾರದ ನಮಾಜಿನ ಹೊತ್ತು, ಕ್ರಿಸ್‌ಮಸ್, ಎಲ್ಲವೂ ಅದರಲ್ಲಿರಲಿ. ದೇವರ ಕೆಲಸಕ್ಕೆ ಯಾರೂ ನಿಮ್ಮೆದುರು ಹಲ್ಲು ಗಿಂಜಬಾರದು, ಅಲ್ವಾ? ಆಯುಧ ಪೂಜೆಯಲ್ಲಿ ಯಾರು ಆರತಿ ತಗೊಂಡರು, ಯಾರು ಬಿಟ್ಟರು ಅಂತ ನೋಡುತ್ತಾ ನಿಲ್ಲಬೇಡಿ. ಸಿಹಿ ಮಾತ್ರ ಹಮಾಲರಿಗೂ ಅಷ್ಟೇ, ಗುಮಾಸ್ತರಿಗೂ ಅಷ್ಟೇ.

'ಕಾಯಕವೇ ಕೈಲಾಸ' ಅಂತ ಗೋಡೆಗೆ ಹಾಕಿ ಓವರ್‌ಟೈಮ್ ದುಡ್ಡು ಕೊಡದವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆ ಮಾತು ಬರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಅವನು ಒಂದು ದಿನ ಜಾಸ್ತಿ ಅಕ್ಕಿ ಆಯ್ದು ತಂದಾಗ, ವಾಪಸ್ ಸುರಿದು ಬಾ ಅಂತ ಹೆಂಡತಿ ಲಕ್ಕಮ್ಮ ಕಳಿಸಿದಳು ಅನ್ನುವ ಕಥೆಯನ್ನೂ ಅದೇ ಗೋಡೆಯ ಮೇಲೆ ಬರೆಸಬೇಕು.

ಎಲ್ಲಕ್ಕಿಂತ ಕಷ್ಟದ್ದು ಕ್ಷಮೆ ಕೇಳುವುದು. ಒಂದು ಚೀಲ ಕಮ್ಮಿ ಬಂತು ಅಂತ ವಯಸ್ಸಾದ ಹಮಾಲರೊಬ್ಬರಿಗೆ ಎಲ್ಲರೆದುರು ಬೈದಿದ್ದೆ, ಆಮೇಲೆ ನೋಡಿದರೆ ಲೆಕ್ಕ ತಪ್ಪಿದ್ದು ನನ್ನದೇ. ಎಲ್ಲರೆದುರು ಬೈದಿದ್ದರೆ, ತಪ್ಪಾಯ್ತು ಅನ್ನುವುದೂ ಎಲ್ಲರೆದುರೇ ಆಗಬೇಕು. ಒಳಗೆ ಕರೆದು ಚಹಾ ಕೊಟ್ಟು ಮುಗಿಸಲು ನೋಡಬೇಡಿ. ನಾನು ಅದನ್ನೂ ಮಾಡಿ ನೋಡಿದ್ದೇನೆ, ಅವರು ಚಹಾ ಕುಡಿದು ಲೋಟ ತೊಳೆದಿಟ್ಟು ಹೋದರು, ಒಂದು ಮಾತೂ ಆಡಲಿಲ್ಲ.