ಸೊಸೈಟಿಯಿಂದಲೇ ಟೆರೇಸ್ ರಿಪೇರಿ ಮಾಡಿಸಿದ ನನ್ನ ಅನುಭವ

ಈ ಮಳೆಗಾಲದಲ್ಲಿ ನಮ್ಮ ಮನೆಯ ಸೂರಿನಿಂದ ಒಂದು ಹನಿ ನೀರೂ ಬೀಳಲಿಲ್ಲ. ಟೆರೇಸಿನ ಕೆಲಸಕ್ಕೆ ತಗುಲಿದ ಸುಮಾರು 9 ಲಕ್ಷ ರೂಪಾಯಿ ನಮ್ಮ ಹೌಸಿಂಗ್ ಸೊಸೈಟಿಯ, ಅಂದರೆ ಫ್ಲ್ಯಾಟ್ ಮಾಲೀಕರ ಸಹಕಾರಿ ಸಂಘದ, ರಿಪೇರಿ ನಿಧಿಯಿಂದಲೇ ಹೋಯಿತು. ನಾನು ನ್ಯಾಯಾಲಯದ ಮೆಟ್ಟಿಲು ಹತ್ತಲಿಲ್ಲ, ವಕೀಲರಿಗೆ ಒಂದು ರೂಪಾಯಿಯನ್ನೂ ಕೊಡಲಿಲ್ಲ. ಇದು ಆಗುವ ಮಾತಲ್ಲ ಎಂದವರು ಬಹಳ ಮಂದಿ. ಭಾನುವಾರ ಸಂಘದಲ್ಲಿ ಸೇರುವ ನಮ್ಮ ಹಿರಿಯರಂತೂ, "ಮುಂಬಯಿಯಲ್ಲಿ ಸೊಸೈಟಿಯನ್ನು ಎದುರು ಹಾಕಿಕೊಂಡವರು ಕೊನೆಗೆ ಫ್ಲ್ಯಾಟ್ ಮಾರಿಕೊಂಡೇ ಹೋಗುವುದು. ಸುಮ್ಮನೆ ಒಂದು ತಾಡಪಾಲು ಹೊದಿಸಿಕೊಳ್ಳಿ" ಎಂದಿದ್ದರು. ಅವರಲ್ಲಿಯೇ ಇಬ್ಬರು ಈಗ ತಮ್ಮ ಸೊಸೈಟಿಯ ಕಾಗದಪತ್ರಗಳನ್ನು ಹಿಡಿದುಕೊಂಡು ನನ್ನ ಬಳಿ ಬಂದಿದ್ದಾರೆ. ಎಲ್ಲರಿಗೂ ಬಾಯಿಮಾತಿನಲ್ಲಿ ಹೇಳುವ ಬದಲು ಬರೆದೇ ಬಿಡೋಣ ಎನ್ನಿಸಿತು.

ನಮ್ಮದು ಮುಂಬಯಿಯ ಪೂರ್ವ ಉಪನಗರದ ಒಂದು ಏಳು ಮಹಡಿಯ ಕಟ್ಟಡ, 40 ಚಿಲ್ಲರೆ ಮನೆಗಳು, 1980ರ ದಶಕದ ಕೊನೆಯಲ್ಲಿ ಕಟ್ಟಿದ್ದು. ನಾವಿರುವುದು ಮೇಲಿನ ಮಹಡಿಯಲ್ಲಿ. ನಾನು ಇಲ್ಲಿ ಹೇಳುವುದೆಲ್ಲ 1960ರ ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯ್ದೆಯಡಿ ನೋಂದಣಿಯಾದ ಹೌಸಿಂಗ್ ಸೊಸೈಟಿಗಳಿಗೆ ಸಲ್ಲುತ್ತದೆ. 1970ರ ಅಪಾರ್ಟ್‌ಮೆಂಟ್ ಕಾಯ್ದೆಯಡಿ ಇರುವವರ ದಾರಿ ಬೇರೆ, ಬೆಂಗಳೂರಿನವರದು ಇನ್ನೂ ಬೇರೆ. ಬೆಂಗಳೂರಿನ ನೆಂಟರು ಇದನ್ನೇ ನಕಲು ಮಾಡಲು ಹೋಗಬಾರದು.

ಮೊದಲು ಸೋತ ದಾರಿಗಳನ್ನು ಹೇಳುತ್ತೇನೆ, ಏಕೆಂದರೆ ಹಣ ಹೋದದ್ದು ಅಲ್ಲಿಯೇ. ಮೊದಲ ವರ್ಷ ಮಲಗುವ ಕೋಣೆಯ ಸೂರಿನ ಗಾರೆ ಉದುರಿದಾಗ ನಾವೇ 18 ಸಾವಿರ ಖರ್ಚು ಮಾಡಿ ಮಾಡಿಸಿದೆವು. ಮರುವರ್ಷ ಅದೇ ಜಾಗದಲ್ಲಿ ಮತ್ತೆ ಒದ್ದೆ, ಜೊತೆಗೆ ಹಾಲ್‌ನಲ್ಲಿಯೂ. ಆಗ 30 ಸಾವಿರದ ಹತ್ತಿರ ಹೋಯಿತು. ಒಳಗಿನಿಂದ ಏನು ಬಳಿದರೂ ಅದು ಹಣವನ್ನು ನೀರಿಗೆ ಹಾಕಿದಂತೆ, ಮೇಲಿನ ನೀರು ನಿಲ್ಲುವವರೆಗೆ ಗಾರೆ ನಿಲ್ಲುವುದಿಲ್ಲ. ವಾರ್ಷಿಕ ಮಹಾಸಭೆಯಲ್ಲಿ ಎದ್ದು ನಿಂತು ಕೇಳಿದೆ. ನೀರು ನಿಮ್ಮದೇ ಎಸಿಯಿಂದ ಬರುತ್ತಿದೆ ಎಂದರು ಚೇರ್‌ಮನ್. ನಿಧಿಯಲ್ಲಿ ಹಣವಿಲ್ಲ, ಪ್ರತಿ ಮನೆಯಿಂದ 25 ಸಾವಿರ ಎತ್ತಬೇಕಾಗುತ್ತದೆ ಎಂದರು ಸೆಕ್ರೆಟರಿ. 25 ಸಾವಿರ ಎಂದ ಕೂಡಲೇ ಇಡೀ ಸಭೆ ನನ್ನ ವಿರುದ್ಧ ತಿರುಗಿತು. ಸಮೋಸ ತಿಂದು ಎಲ್ಲರೂ ಮನೆಗೆ ಹೋದರು.

ಆ ಹೊತ್ತಿಗೆ ಎಲ್ಲರೂ ಕೊಡುವ ಸಲಹೆ ಒಂದೇ: ಮೇಂಟೆನನ್ಸ್ ಕಟ್ಟುವುದನ್ನು ನಿಲ್ಲಿಸಿ, ಆಗ ಬಗ್ಗುತ್ತಾರೆ. ದಯವಿಟ್ಟು ಇದನ್ನು ಮಾಡಬೇಡಿ. ನಮ್ಮ ಎದುರು ಮನೆಯವರು ಮಾಡಿದರು. ಬಾಕಿಯ ಮೇಲೆ ಮಾದರಿ ಬೈಲಾ (ಸೊಸೈಟಿ ನಡೆಸುವ ನಿಯಮಾವಳಿ) ಪ್ರಕಾರ ವರ್ಷಕ್ಕೆ ಶೇಕಡಾ 21ರವರೆಗೆ ಬಡ್ಡಿ ಹಾಕಬಹುದಿತ್ತು, ಹಾಕಿದರು ಕೂಡ. ಕೊನೆಗೆ ವಸೂಲಾತಿ ಪ್ರಮಾಣಪತ್ರಕ್ಕೆ ಅರ್ಜಿ ಹೋಗಿ, ಮನೆಯ ಜಪ್ತಿಯ ಮಾತು ಬಂದ ಮೇಲೆ ಒಂದೂಕಾಲು ಲಕ್ಷದಷ್ಟು ಒಟ್ಟಿಗೆ ಕಟ್ಟಿದರು. ಅದಕ್ಕಿಂತ ದೊಡ್ಡ ನಷ್ಟ ಎಂದರೆ, ಅಲ್ಲಿಂದ ಮುಂದೆ ಅವರು ಏನು ಬರೆದರೂ "ಇವರು ಬಾಕಿದಾರರು" ಎಂಬ ಒಂದೇ ಉತ್ತರ. ನಾನು ಪ್ರತಿ ತಿಂಗಳೂ 10ನೇ ತಾರೀಖಿನೊಳಗೆ ಚೆಕ್ ಕೊಟ್ಟೆ. ಜೊತೆಗೆ, ಈ ಹಣವನ್ನು ತಕರಾರಿಗೆ ಒಳಪಟ್ಟು ಕಟ್ಟುತ್ತಿದ್ದೇನೆ ಎಂಬ ಎರಡು ಸಾಲಿನ ಪತ್ರ. ಈ ಎರಡು ಸಾಲು ಮುಂದೆ ಎಷ್ಟು ಕೆಲಸಕ್ಕೆ ಬಂತು ಎಂಬುದನ್ನು ಅನುಭವಿಸಿದವರೇ ಬಲ್ಲರು.

ವಕೀಲರನ್ನೂ ಕಂಡೆ. ಸಹಕಾರಿ ಸಂಘಗಳ ಕಾಯ್ದೆಯ 91ನೇ ಕಲಮಿನಡಿ ಸಹಕಾರ ನ್ಯಾಯಾಲಯಕ್ಕೆ ಹೋಗೋಣ, ಮೊದಲಿಗೆ 40 ಸಾವಿರ, ಆಮೇಲೆ ತಾರೀಖಿಗೆ ಇಷ್ಟು ಎಂದರು. ಲೆಕ್ಕ ಹಾಕಿದೆ. ಎರಡು ಮಳೆಗಾಲ ಕಳೆಯುವುದರೊಳಗೆ ಟೆರೇಸಿನ ನನ್ನ ಪಾಲಿಗಿಂತ ಹೆಚ್ಚು ಹಣ ಫೀಸಿಗೇ ಹೋಗುತ್ತಿತ್ತು. ಅಲ್ಲಿಂದ ಎದ್ದು ಬಂದವನು ನೇರವಾಗಿ ಬೈಲಾ ಪುಸ್ತಕ ತೆರೆದೆ.

ಮಾದರಿ ಬೈಲಾದಲ್ಲಿ ಸೊಸೈಟಿ ತನ್ನ ಖರ್ಚಿನಲ್ಲಿ ಮಾಡಬೇಕಾದ ರಿಪೇರಿಗಳ ಒಂದು ಪಟ್ಟಿ ಇದೆ. ಟೆರೇಸ್ ಮತ್ತು ಪ್ಯಾರಾಪೆಟ್ ಗೋಡೆ, ಮಳೆನೀರಿನ ಸೋರಿಕೆ, ಹೊರಗಿನ ಸಾಮೂಹಿಕ ನೀರಿನ ಮತ್ತು ಡ್ರೈನೇಜ್ ಪೈಪುಗಳ ಸೋರಿಕೆ, ಅಷ್ಟೇ ಅಲ್ಲ, ಟೆರೇಸಿನಿಂದ ಮಳೆನೀರು ಇಳಿದು ಮೇಲಿನ ಮಹಡಿಯ ಮನೆಗಳಲ್ಲಿ ಕೆಟ್ಟ ಸೂರಿನ ಗಾರೆ, ಎಲ್ಲವೂ ಆ ಪಟ್ಟಿಯಲ್ಲಿವೆ. ಎರಡು ವರ್ಷ ನಾನು ಉಪಕಾರ ಕೇಳುವವನಂತೆ ಕೈಕಟ್ಟಿ ನಿಂತಿದ್ದು ನನ್ನ ಹಕ್ಕಿನ ಮುಂದೆ! ಆ ರಾತ್ರಿ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಆದರೆ ಬೈಲಾ ತೋರಿಸಿದರೆ ಸಾಲದು, ನೀರು ಟೆರೇಸಿನದೇ ಎಂದು ಮೊದಲು ಸಾಬೀತಾಗಬೇಕು. ಇದಕ್ಕಾಗಿ ನಾನು ಮಾಡಿದ ಪ್ರಯೋಗ ನನಗೆ ಬಹಳ ಹೆಮ್ಮೆಯದು. ಸೊಸೈಟಿಯ ಆಡಳಿತ ಕಮಿಟಿಗೆ ವಾರದ ಮುಂಚೆಯೇ ಲಿಖಿತ ಸೂಚನೆ ಕೊಟ್ಟು, ಸೆಕ್ರೆಟರಿಯನ್ನೂ ಹಾಜರಿರಲು ಕರೆದು, ಜನವರಿಯ ಒಣ ಹವೆಯಲ್ಲಿ ನಮ್ಮ ಮನೆಯ ಮೇಲಿನ ಭಾಗಕ್ಕೆ ಮರಳು ಮೂಟೆಗಳ ಅಡ್ಡಕಟ್ಟೆ ಹಾಕಿಸಿ, ಮಳೆನೀರಿನ ಕಿಂಡಿಗೆ ಗೋಣಿ ತುರುಕಿ, ಎರಡು ಅಂಗುಲ ನೀರು ನಿಲ್ಲಿಸಿದೆ. ಮೊದಲು ರಂಗೋಲಿ ಬಣ್ಣ ಬೆರೆಸಿ ನೋಡಿದೆ, ಪುಡಿ ತಳದಲ್ಲಿಯೇ ಕುಳಿತುಬಿಟ್ಟಿತು. ಬಟ್ಟೆಗೆ ಹಾಕುವ ದ್ರವ ನೀಲಿ ಬೆರೆಸಿದಾಗ ಕೆಲಸವಾಯಿತು. ಮನೆಯ ಎಸಿ, ಸ್ನಾನದ ಮನೆ ಎರಡನ್ನೂ ಬಂದ್ ಮಾಡಿಟ್ಟಿದ್ದೆ. ಎರಡನೆಯ ದಿನ ಸಂಜೆಗೆ ಮಲಗುವ ಕೋಣೆಯ ತೊಲೆ ಗೋಡೆಗೆ ಕೂಡುವ ಜಾಗದಲ್ಲಿ ತೆಳು ನೀಲಿ ಕಲೆ ಮೂಡಿತು. ಆ ದಿನದ ಪತ್ರಿಕೆಯನ್ನು ಪಕ್ಕದಲ್ಲಿ ಹಿಡಿದು ಫೋಟೋ ತೆಗೆದೆ, ಕೆಳಮನೆಯವರಿಂದ ಸಾಕ್ಷಿ ಸಹಿ ಮಾಡಿಸಿದೆ. ಎಸಿಯ ಮಾತು ಅಂದಿಗೆ ಮುಗಿಯಿತು.

ಮುಂದಿನದು ಹಣದ ಪ್ರಶ್ನೆ. ಸದಸ್ಯನಿಗೆ ಬ್ಯಾಲೆನ್ಸ್ ಶೀಟ್, ಸಭೆಗಳ ನಡಾವಳಿ ನೋಡುವ ಹಕ್ಕು ಕಾಯ್ದೆಯಲ್ಲಿ ಮೊದಲಿನಿಂದಲೂ ಇದೆ. 2019ರಲ್ಲಿ ಹೌಸಿಂಗ್ ಸೊಸೈಟಿಗಳಿಗಾಗಿಯೇ ಸೇರಿಸಿದ 13-ಬಿ ಅಧ್ಯಾಯದಲ್ಲಿಯೂ ಇದೆ. ನಮ್ಮ ಸೆಕ್ರೆಟರಿ ಮಾತ್ರ ಮುಂದಿನ ಭಾನುವಾರ ಬನ್ನಿ ಎನ್ನುತ್ತಲೇ ಹೋದರು. ಜಗಳ ಬೇಡವೆಂದು ನಾನು ಹಿಂಬಾಗಿಲಿನಿಂದ ಹೋದೆ. ಸಹಕಾರಿ ಸಂಘಗಳು ತಾವಾಗಿಯೇ ಮಾಹಿತಿ ಹಕ್ಕಿನ ವ್ಯಾಪ್ತಿಗೆ ಬರುವುದಿಲ್ಲ ಎಂದು 2013ರಲ್ಲಿ ಕೇರಳದ ಒಂದು ಸಹಕಾರಿ ಬ್ಯಾಂಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಸೊಸೈಟಿಗಳ ಮೇಲೆ ಕಣ್ಣಿಡುವ ಸಹಕಾರ ಇಲಾಖೆಯ ಉಪನಿಬಂಧಕರ ಕಚೇರಿ ಸರ್ಕಾರದ್ದು. ಸೊಸೈಟಿ ಅಲ್ಲಿಗೆ ಸಲ್ಲಿಸಿದ ಆಡಿಟ್ ವರದಿ ಅಲ್ಲಿನ ಕಡತದಲ್ಲಿ ಇರುತ್ತದೆ. 10 ರೂಪಾಯಿಯ ಕೋರ್ಟ್ ಫೀ ಸ್ಟ್ಯಾಂಪ್ ಅಂಟಿಸಿ ಅರ್ಜಿ ಹಾಕಿದೆ. 30 ದಿನ ಕಳೆದರೂ ಉತ್ತರವಿಲ್ಲ. 20 ರೂಪಾಯಿಯ ಸ್ಟ್ಯಾಂಪ್ ಹಚ್ಚಿ ಮೊದಲ ಮೇಲ್ಮನವಿ ಹಾಕಿದ ಮೇಲೆ, ಪುಟಕ್ಕೆ 2 ರೂಪಾಯಿಯಂತೆ ಮೂರು ವರ್ಷದ ಆಡಿಟ್ ವರದಿ ಕೈಗೆ ಬಂತು. ಜೆರಾಕ್ಸ್, ಲೋಕಲ್ ಟ್ರೇನಿನ ಓಡಾಟ ಎಲ್ಲ ಸೇರಿ 500 ರೂಪಾಯಿ ದಾಟಿರಲಿಲ್ಲ.

ವರದಿಯಲ್ಲಿ ಏನಿತ್ತು? ರಿಪೇರಿ ನಿಧಿಯಲ್ಲಿ ಹತ್ತಿರಹತ್ತಿರ 11 ಲಕ್ಷ, ಸಿಂಕಿಂಗ್ ಫಂಡಿನಲ್ಲಿ (ದೊಡ್ಡ ಕೆಲಸಗಳಿಗೆಂದು ಎತ್ತಿಡುವ ನಿಧಿ) ಬೇರೆ 6 ಲಕ್ಷ, ಎಲ್ಲವೂ ಫಿಕ್ಸೆಡ್ ಡಿಪಾಸಿಟ್. ಹಣವಿಲ್ಲ ಎಂದು ನಮ್ಮನ್ನು ಸಭೆಯಲ್ಲಿ ಬಾಯಿ ಮುಚ್ಚಿಸಿದ್ದರಲ್ಲ, ಆಗಲೂ ಈ ಹಣ ಇತ್ತು! ಪ್ರತಿ ತಿಂಗಳ ಬಿಲ್ಲಿನಲ್ಲಿ ರಿಪೇರಿ ನಿಧಿ ಎಂದು ನಾವೇ ಕಟ್ಟಿದ್ದು, ನಿರ್ಮಾಣ ವೆಚ್ಚದ ಶೇಕಡಾ 0.75ರ ಲೆಕ್ಕದಲ್ಲಿ. ಇನ್ನೊಂದು ಸಂಗತಿಯೂ ಸಿಕ್ಕಿತು. 30 ವರ್ಷ ದಾಟಿದ ಕಟ್ಟಡಕ್ಕೆ ಮುಂಬಯಿ ಮಹಾನಗರಪಾಲಿಕೆ ಕಾಯ್ದೆಯ 353-ಬಿ ಪ್ರಕಾರ ಸ್ಟ್ರಕ್ಚರಲ್ ಆಡಿಟ್, ಅಂದರೆ ಕಟ್ಟಡದ ಗಟ್ಟಿತನದ ತಪಾಸಣೆ, ಆಗಬೇಕು. ನಮ್ಮದಕ್ಕೆ ಆಗಿರಲೇ ಇಲ್ಲ. ಈ ಅಸ್ತ್ರವನ್ನು ಕೊನೆಯವರೆಗೂ ಜೇಬಿನಲ್ಲಿಟ್ಟುಕೊಂಡೆ.

ಇಷ್ಟು ದೊಡ್ಡ ಖರ್ಚು ಮಾಡಲು ಕಮಿಟಿಗೆ ಅಧಿಕಾರವಿಲ್ಲ ಎಂಬುದು ಅವರ ಕೊನೆಯ ಗುರಾಣಿ. ಅದು ಸುಳ್ಳಲ್ಲ. ನಮ್ಮ ಗಾತ್ರದ ಸೊಸೈಟಿಯಲ್ಲಿ 50 ಸಾವಿರ ದಾಟುವ ರಿಪೇರಿಗೆ ಮಹಾಸಭೆಯ ಒಪ್ಪಿಗೆ ಬೇಕು. ಹಾಗಾದರೆ ಮಹಾಸಭೆಯನ್ನೇ ಕರೆಸಬೇಕು. ಸದಸ್ಯರ ಐದನೆಯ ಒಂದು ಭಾಗ ಸಹಿ ಹಾಕಿ ಕೇಳಿದರೆ ಒಂದು ತಿಂಗಳೊಳಗೆ ವಿಶೇಷ ಮಹಾಸಭೆ ಕರೆಯಲೇಬೇಕು. ನಮಗೆ 9 ಸಹಿ ಬೇಕಿತ್ತು.

ಕಷ್ಟ ಇದ್ದದ್ದು ಈ 9 ಸಹಿಯಲ್ಲಿ. ಮೇಲಿನ ಮಹಡಿಯ ಆರು ಮನೆಗಳಲ್ಲಿ ಎರಡಕ್ಕೆ ಬೀಗ, ಉಳಿದ ನಾಲ್ಕು ಖಚಿತ. ನಡುವಿನ ಮಹಡಿಯವರಿಗೆ ನಮ್ಮ ಸೂರಿನ ಚಿಂತೆ ಏಕೆ? ಬಾಗಿಲು ಬಾಗಿಲಿಗೆ ಹೋಗಿ ಚಹಾ ಕುಡಿದು ಬಂದೆ, ನೋಡೋಣ ಎಂದರು. ಮತ್ತೊಮ್ಮೆ ಬೈಲಾದ ಅದೇ ಪಟ್ಟಿಯನ್ನು ಓದಿದಾಗ ದಾರಿ ಕಂಡಿತು. ಹೊರಗಿನ ಡ್ರೈನೇಜ್ ಪೈಪಿನ ಸೋರಿಕೆಯೂ ಅದೇ ಪಟ್ಟಿಯಲ್ಲಿದೆಯಲ್ಲ. ನೆಲಮಹಡಿಯ ಅಡುಗೆಮನೆಗಳ ಹಿಂಗೋಡೆ ಆ ಪೈಪಿನಿಂದಾಗಿ ವರ್ಷಪೂರ್ತಿ ಒದ್ದೆ. ಅಲ್ಲಿ ಉಡುಪಿ ಕಡೆಯ ಒಬ್ಬರು ಹಿರಿಯರಿದ್ದಾರೆ, ಹೋಟೆಲಿನಲ್ಲಿ ದುಡಿದು ಕಟ್ಟಿಕೊಂಡ ಮನೆ. "ಅಣ್ಣ, ನನ್ನ ಅರ್ಜಿಯಲ್ಲಿ ನಿಮ್ಮ ಪೈಪನ್ನೂ ಸೇರಿಸುತ್ತೇನೆ" ಎಂದೆ. ಅವರು ಕನ್ನಡಕ ಹುಡುಕುತ್ತಾ, "ಇಷ್ಟು ವರ್ಷ ಯಾರೂ ಇದನ್ನು ಹೇಳಲಿಲ್ಲವಲ್ಲ ಮಾರಾಯರೇ" ಎಂದು ಸಹಿ ಹಾಕಿ, ತಾವೇ ಅಕ್ಕಪಕ್ಕದ ನಾಲ್ಕು ಸಹಿ ಮಾಡಿಸಿಕೊಟ್ಟರು. ಮೇಲಿನವರೂ ಕೆಳಗಿನವರೂ ಒಂದಾದ ಮೇಲೆ ನಡುವಿನವರು ತಾವಾಗಿಯೇ ಬಂದರು. ಒಟ್ಟು 13 ಸಹಿ.

ಅರ್ಜಿಯನ್ನು ಮರಾಠಿಯಲ್ಲಿ ಬರೆದದ್ದು ನನ್ನ ಹೆಂಡತಿ. ಅವಳು ದಾದರಿನ ಮರಾಠಿ ಶಾಲೆಯಲ್ಲಿ ಓದಿದವಳು. ಉಪನಿಬಂಧಕರ ಕಚೇರಿಗೆ ಇಂಗ್ಲಿಷಿನಲ್ಲಿ ಕೊಟ್ಟ ನನ್ನ ಹಿಂದಿನ ಪತ್ರ ಯಾವ ಕಡತದಲ್ಲಿ ಮಲಗಿತೋ, ಮರಾಠಿಯ ಎರಡು ಪುಟಕ್ಕೆ ವಾರದೊಳಗೆ ಜಾವಕ ಸಂಖ್ಯೆ (ಕಚೇರಿಯಿಂದ ಹೊರಹೋಗುವ ಪತ್ರದ ಸಂಖ್ಯೆ) ಬಿದ್ದು ಸೊಸೈಟಿಗೆ ಪತ್ರ ಹೋಯಿತು. ನಮ್ಮವರು ಈ ಸಂಕೋಚ ಬಿಡಬೇಕು. ಬಾರದಿದ್ದರೆ ಬಲ್ಲವರಿಂದ ಬರೆಸಿ.

ಕಮಿಟಿ ಒಂದು ತಿಂಗಳನ್ನು ಮೀರಲು ನೋಡಿತು. ಆಗ ನಾನು ಎರಡು ಪತ್ರಗಳನ್ನು ಒಂದೇ ದಿನ ಕೊಟ್ಟೆ. ಒಂದರಲ್ಲಿ ಸಹಕಾರಿ ಸಂಘಗಳ ಕಾಯ್ದೆಯ 79ನೇ ಕಲಮನ್ನು ನೆನಪಿಸಿದ್ದೆ: ನಿಬಂಧಕರು ಆದೇಶಿಸಿದ ಕೆಲಸವನ್ನು ಸೊಸೈಟಿ ಮಾಡದಿದ್ದರೆ ಅವರೇ ಮಾಡಿಸಿ, ಖರ್ಚಿಗೆ ಹೊಣೆಗಾರ ಪದಾಧಿಕಾರಿಯನ್ನು ಹಿಡಿಯಬಹುದು. ಇನ್ನೊಂದು ಸ್ಟ್ರಕ್ಚರಲ್ ಆಡಿಟ್ ಕುರಿತದ್ದು. ಆ ಪತ್ರ ಯಾರಿಗೆ, ಯಾವ ಕ್ರಮದಲ್ಲಿ ಹೋಯಿತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಇದನ್ನು ಕಮಿಟಿಯಲ್ಲಿರುವವರೂ ಓದುತ್ತಾರೆ. ಕಷ್ಟದಲ್ಲಿರುವ ಸದಸ್ಯರು ಖುದ್ದಾಗಿ ಕೇಳಿದರೆ ಹೇಳುತ್ತೇನೆ.

ಸಭೆಯಲ್ಲಿ ನಾನು ಭಾಷಣ ಮಾಡಲಿಲ್ಲ. ನೀಲಿ ಕಲೆಯ ಫೋಟೋ, ಆಡಿಟ್ ವರದಿಯ ಒಂದು ಪುಟ, ಬೈಲಾದ ಒಂದು ಪುಟ, ಈ ಮೂರನ್ನು 45 ಪ್ರತಿ ಮಾಡಿಸಿ ಕುರ್ಚಿ ಕುರ್ಚಿಯ ಮೇಲೆ ಇಟ್ಟೆ. ಪ್ರತಿ ಮನೆಯಿಂದ 25 ಸಾವಿರ ಎತ್ತುವ ಮಾತನ್ನು ಯಾರೂ ಮತ್ತೆ ಆಡಲಿಲ್ಲ. ಇಬ್ಬರ ವಿರೋಧದ ನಡುವೆ ಠರಾವು ಪಾಸಾಯಿತು. ನಡಾವಳಿಯ ಕರಡು ಬಂದಾಗ ಡ್ರೈನೇಜ್ ಪೈಪಿನ ಸಾಲು ಮಾಯವಾಗಿತ್ತು. ಲಿಖಿತ ಆಕ್ಷೇಪಣೆ ಕೊಟ್ಟು ಸೇರಿಸಿದೆ. ಕರಡು ಓದದೆ ಬಿಡುವವರೇ ಹೆಚ್ಚು. ಗೆದ್ದ ಸಭೆಯನ್ನು ಅಲ್ಲಿಯೇ ಕಳೆದುಕೊಳ್ಳುತ್ತಾರೆ.

ಕೆಲಸದ ವಿಷಯ. ಮೂರೂವರೆ ಲಕ್ಷಕ್ಕೆ ಬರೀ ಕೆಮಿಕಲ್ ಬಳಿದು ಐದು ವರ್ಷದ ಗ್ಯಾರಂಟಿ ಕೊಡುತ್ತೇನೆ ಎಂದ ಗುತ್ತಿಗೆದಾರನ ಕಡೆಗೆ ಕಮಿಟಿ ವಾಲಿತ್ತು. ಹಳೆಯ ಬ್ರಿಕ್‌ಬ್ಯಾಟ್ ಕೋಬಾ (ಇಟ್ಟಿಗೆ ಚೂರು ಮತ್ತು ಗಾರೆಯ ಪದರ) ಒಡೆಯದೆ ಮೇಲೆ ಬಳಿದರೆ ಒಳಗೆ ಸಿಕ್ಕಿಕೊಂಡ ನೀರು ಎಲ್ಲಿಗೆ ಹೋಗಬೇಕು? ಹಳೆಯದನ್ನು ಪೂರ್ತಿ ತೆಗೆದು, ಇಳಿಜಾರು ಸರಿಪಡಿಸಿ, ಪ್ಯಾರಾಪೆಟ್ ನೆಲಕ್ಕೆ ಕೂಡುವ ಮೂಲೆಗಳಿಗೆ ಗುಂಡಗೆ ಗಾರೆ ತುಂಬುವ 9 ಲಕ್ಷದ ಕೆಲಸಕ್ಕೇ ಪಟ್ಟು ಹಿಡಿದೆ. ಒಡೆದ ರಾಬಿಟ್ (ಇಟ್ಟಿಗೆ-ಗಾರೆಯ ಚೂರು) ಇಳಿಸಲು ಲಿಫ್ಟ್ ಬಳಸಬಾರದೆಂದು ಗಲಾಟೆಯಾಗಿ ಒಂದು ವಾರ ಕೆಲಸ ನಿಂತಿತು. ಮೇ ಮಧ್ಯದೊಳಗೆ ಮುಗಿಯಲೇಬೇಕಿತ್ತು, ಮುಗಿಯಿತು. ಕೊನೆಯ ಕಂತು ಕೊಡುವ ಮೊದಲು ಮತ್ತೆ ನೀರು ನಿಲ್ಲಿಸಿ ನೋಡಿದೆವು. ಬಿಲ್ಲಿನ ಶೇಕಡಾ 10ನ್ನು ಮಳೆಗಾಲ ಮುಗಿಯುವವರೆಗೆ ತಡೆಹಿಡಿಯುವ ಷರತ್ತು ನಾನೇ ಬರೆಸಿದ್ದು.

ನಡುವೆ ಇನ್ನೊಂದು ಪ್ರಯೋಗವೂ ನಡೆಯಿತು. ನನ್ನ ಭಾವಮೈದುನ ಹುಬ್ಬಳ್ಳಿಯಲ್ಲಿದ್ದಾನೆ, ಇದೇ ಕಟ್ಟಡದ ಮೂರನೆಯ ಮಹಡಿಯ ಅವನ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದಾನೆ. ಅವನಿಂದ ನಾನ್ ಆಕ್ಯುಪೆನ್ಸಿ (ಮಾಲೀಕ ತಾನು ವಾಸಿಸದೆ ಬಾಡಿಗೆಗೆ ಕೊಟ್ಟದ್ದಕ್ಕೆ ಹಾಕುವ ಶುಲ್ಕ) ಎಂದು ತಿಂಗಳಿಗೆ 2,000 ವಸೂಲು ಮಾಡುತ್ತಿದ್ದರು. 2001ರ ಆಗಸ್ಟ್ 1ರ ಸರ್ಕಾರಿ ಆದೇಶದ ಪ್ರಕಾರ ಇದು ಸೇವಾ ಶುಲ್ಕದ ಶೇಕಡಾ 10ನ್ನು ಮೀರುವಂತಿಲ್ಲ, ಪಾಲಿಕೆಯ ತೆರಿಗೆ ಆ ಲೆಕ್ಕಕ್ಕೆ ಸೇರುವುದಿಲ್ಲ. ಅವನ ಬಿಲ್ಲಿನಲ್ಲಿ ಸೇವಾ ಶುಲ್ಕ 1,500ರ ಆಸುಪಾಸು, ಅಂದರೆ ಬರಬೇಕಾದದ್ದು 150. ಟೆರೇಸಿನ ಗೆಲುವಿನ ಬಳಿಕ ಇದಕ್ಕೆ ಎರಡೇ ಪತ್ರ ಸಾಕಾಯಿತು. ಹಿಂದಿನ ಮೂರು ವರ್ಷದ ಹೆಚ್ಚುವರಿ 65 ಸಾವಿರದಷ್ಟನ್ನು ಮುಂದಿನ ಬಿಲ್ಲುಗಳಲ್ಲಿ ವಜಾ ಮಾಡಿಕೊಳ್ಳುತ್ತಿದ್ದಾರೆ. ಊರಿನಲ್ಲಿದ್ದು ಇಲ್ಲಿ ಬಾಡಿಗೆಗೆ ಕೊಟ್ಟಿರುವ ನಮ್ಮ ಕಡೆಯವರು ನೂರಾರು ಮಂದಿ ಇದ್ದಾರೆ. ಒಮ್ಮೆ ಬಿಲ್ಲು ತೆಗೆದು ನೋಡಿ.

ನಾನು ಕೈಯಿಂದ ಹಾಕಿದ ಗಾರೆಯ 48 ಸಾವಿರದಲ್ಲಿ ಕಮಿಟಿ ಈವರೆಗೆ 30 ಸಾವಿರಕ್ಕೆ ಒಪ್ಪಿದೆ, ಮೊದಲ ವರ್ಷದ ಬಿಲ್ಲಿಗೆ ರಸೀದಿ ಇಲ್ಲವೆಂಬ ತಕರಾರು. ಮೇಸ್ತ್ರಿಯಿಂದ ಬರೆಸಿಕೊಂಡ ಚೀಟಿಯನ್ನು ಕಳೆದ ವಾರ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಂಡಿದ್ದೇನೆ. ಉಳಿದ 18 ಸಾವಿರವನ್ನೂ ಬಿಡುವುದಿಲ್ಲ.