ಓ.ಆರ್. ಓದೋದು ಹೇಗೆ? ಆಲೆಮನೆಯಿಂದ ಶುರು ಮಾಡಿ

ಆಪರೇಷನ್ಸ್ ರಿಸರ್ಚ್ (ಓ.ಆರ್.) ಅಂದರೆ ಇರುವ ಸಾಮಗ್ರಿಯಲ್ಲಿ ಒಳ್ಳೆಯ ತೀರ್ಮಾನ ಯಾವುದು ಅಂತ ಲೆಕ್ಕ ಹಾಕಿ ಹುಡುಕೋದು. ಇದರ ಪುಸ್ತಕ ಕೈಗೆ ಬಂದ ತಕ್ಷಣ ಹುಡುಗರು ಸಿಂಪ್ಲೆಕ್ಸ್ ಟೇಬಲ್ (ಹಂತ ಹಂತವಾಗಿ ಉತ್ತರ ಹುಡುಕುವ ಕೋಷ್ಟಕ) ಹಾಕಲು ಕೂರುತ್ತಾರೆ. ದಯವಿಟ್ಟು ಅದನ್ನು ಆಮೇಲೆ ಇಟ್ಟುಕೊಳ್ಳಿ. ಟೇಬಲ್ಲನ್ನು ಕಂಪ್ಯೂಟರ್ ಹಾಕುತ್ತದೆ. ಎದುರಿಗಿರುವ ವ್ಯವಹಾರವನ್ನು ನೋಡಿ, ಅದನ್ನು ನಾಲ್ಕು ಸಾಲಿನ ಲೆಕ್ಕವಾಗಿ ಬರೆಯೋದನ್ನು ಯಾವ ಕಂಪ್ಯೂಟರೂ ನಿಮ್ಮ ಬದಲು ಕಲಿಯೋದಿಲ್ಲ.

ನಾನು ಮಂಡ್ಯದ ಒಂದು ಬೆಲ್ಲದ ಮಂಡಿಯಲ್ಲಿ ಲೆಕ್ಕ ಬರೆಯುವವನು. ಸಂಜೆ ಹೊತ್ತು ಎಂ.ಕಾಂ., ಎಂ.ಬಿ.ಎ. ಓದುವವರಿಗೆ ಈ ವಿಷಯ ಹೇಳಿಕೊಡುತ್ತೇನೆ. ಹೆಚ್ಚಿನವರು ಕೆಲಸ ಮಾಡಿಕೊಂಡೇ ಮೈಸೂರಿನ ಮುಕ್ತ ವಿಶ್ವವಿದ್ಯಾಲಯಕ್ಕೆ ಫೀಸು ಕಟ್ಟಿದವರು. ಪುಸ್ತಕದ ಕುರ್ಚಿ-ಮೇಜಿನ ಕಾರ್ಖಾನೆ ಇವರ ತಲೆಗೆ ಹತ್ತೋದಿಲ್ಲ. ಆಲೆಮನೆ ಅಂದರೆ ತಕ್ಷಣ ಹತ್ತುತ್ತದೆ. ನಿಮಗೆ ಗೊತ್ತಿರೋದು ರೇಷ್ಮೆ ಆದರೆ ರೇಷ್ಮೆ, ಬೇಕರಿ ಆದರೆ ಬೇಕರಿ. ಒಂದೇ ವ್ಯವಹಾರ ಹಿಡಿದುಕೊಂಡು ಇಡೀ ಸೆಮಿಸ್ಟರ್ ಅದರಲ್ಲೇ ಇರಿ.

ಮೊದಲು ಲೀನಿಯರ್ ಪ್ರೋಗ್ರಾಮಿಂಗ್ (ಎಲ್.ಪಿ.), ಅಂದರೆ ಇರುವ ಮಿತಿಯೊಳಗೆ ಲಾಭ ಆದಷ್ಟು ಹೆಚ್ಚಿಸುವ ಲೆಕ್ಕ. ಕೆಳಗಿನ ಅಂಕಿಗಳು ಅಭ್ಯಾಸಕ್ಕೆ ನಾನೇ ಹಿಡಿದವು, ಇವತ್ತಿನ ಮಾರ್ಕೆಟ್ ರೇಟಲ್ಲ.

ಒಂದು ಆಲೆಮನೆಗೆ ದಿನಕ್ಕೆ 12 ಟನ್ ಕಬ್ಬು ಬರುತ್ತದೆ. ಒಂದು ಟನ್ ಕಬ್ಬಿಗೆ ಸುಮಾರು ಒಂದು ಕ್ವಿಂಟಾಲ್ ಬೆಲ್ಲ ಅಂತ ಇಟ್ಟುಕೊಳ್ಳಿ. ಎರಡು ಬಗೆ ಮಾಡುತ್ತಾರೆ: ಅಚ್ಚು ಬೆಲ್ಲ ಮತ್ತು ಬಕೆಟ್ ಬೆಲ್ಲ. ಪಾಕ ಇಳಿಸಿದ ಮೇಲಿನ ಕೆಲಸಕ್ಕೆ ಆಳುಗಳ ಒಟ್ಟು 36 ಗಂಟೆ ಸಿಗುತ್ತದೆ. ಅಚ್ಚು ಬೆಲ್ಲ ಕ್ವಿಂಟಾಲಿಗೆ 4 ಗಂಟೆ ತಿನ್ನುತ್ತದೆ, ಬಕೆಟ್ ಬೆಲ್ಲ 2 ಗಂಟೆ. ಇರುವ ಅಚ್ಚುಗಳಲ್ಲಿ ದಿನಕ್ಕೆ 8 ಕ್ವಿಂಟಾಲ್‌ಗಿಂತ ಜಾಸ್ತಿ ಹುಯ್ಯೋಕಾಗಲ್ಲ. ಕಬ್ಬಿನ ದುಡ್ಡು, ಕೂಲಿ ಎಲ್ಲ ಕಳೆದು ಅಚ್ಚು ಬೆಲ್ಲದಲ್ಲಿ ಕ್ವಿಂಟಾಲಿಗೆ 500 ರೂಪಾಯಿ ಉಳಿಯುತ್ತದೆ, ಬಕೆಟ್ ಬೆಲ್ಲದಲ್ಲಿ 350.

ಈಗ ಪೆನ್ನು ಹಿಡಿದು ಮೂರು ಪ್ರಶ್ನೆ ಕೇಳಿಕೊಳ್ಳಿ. ನನ್ನ ಕೈಯಲ್ಲಿರುವ ತೀರ್ಮಾನ ಯಾವುದು? ಎಷ್ಟು ಅಚ್ಚು ಬೆಲ್ಲ (ಅ), ಎಷ್ಟು ಬಕೆಟ್ ಬೆಲ್ಲ (ಬ). ಏನು ಜಾಸ್ತಿ ಆಗಬೇಕು? 500ಅ + 350ಬ. ನನ್ನ ಕೈ ಕಟ್ಟಿರೋದು ಏನು?

ಕಬ್ಬು: ಅ + ಬ ≤ 12
ಆಳು: 4ಅ + 2ಬ ≤ 36
ಅಚ್ಚು: ಅ ≤ 8

ಎರಡೂ ಸೊನ್ನೆಗಿಂತ ಕಮ್ಮಿ ಆಗಬಾರದು. ಅಷ್ಟೇ. ಅರ್ಧ ಓದು ಇಲ್ಲಿಗೆ ಮುಗಿಯಿತು. ಪ್ರತಿ ಸಾಲಿನ ಪಕ್ಕ ಅದರ ಅಳತೆ ಬರೆಯೋದು ರೂಢಿ ಮಾಡಿಕೊಳ್ಳಿ: ಟನ್ನು, ಗಂಟೆ, ಕ್ವಿಂಟಾಲು. ಎಡಗಡೆ ಗಂಟೆ, ಬಲಗಡೆ ಟನ್ನು ಬಂದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಗ್ರಾಫ್ ಹಾಳೆಯಲ್ಲಿ ಮೂರು ಗೆರೆ ಎಳೆದು, ಅವುಗಳ ಒಳಗೆ ಉಳಿಯುವ ಜಾಗದ ಮೂಲೆಗಳನ್ನು ನೋಡಿ, ಉತ್ತರ ಮೂಲೆಯಲ್ಲೇ ಸಿಗುತ್ತದೆ. ಬರೀ ಬಕೆಟ್ ಬೆಲ್ಲ ಮಾಡಿದರೆ 4,200 ರೂಪಾಯಿ. ಅಚ್ಚು ಬೆಲ್ಲದಲ್ಲೇ ಲಾಭ ಜಾಸ್ತಿ ಅಂತ 8 ಕ್ವಿಂಟಾಲ್ ಅದನ್ನೇ ಮಾಡಿ, ಉಳಿದ 4 ಗಂಟೆಯಲ್ಲಿ 2 ಕ್ವಿಂಟಾಲ್ ಬಕೆಟ್ ಬೆಲ್ಲ ಮಾಡಿದರೆ 4,700. ಎರಡೂ ಆರಾರು ಕ್ವಿಂಟಾಲ್ ಮಾಡಿದರೆ 5,100. ಯಾವುದರಲ್ಲಿ ಲಾಭ ಹೆಚ್ಚೋ ಅದನ್ನೇ ಆದಷ್ಟೂ ಮಾಡು ಅನ್ನೋ ಮಂಡಿ ಬುದ್ಧಿ ಇಲ್ಲಿ ದಿನಕ್ಕೆ 400 ರೂಪಾಯಿ ಕಳೆಯುತ್ತದೆ, ಅಲ್ವಾ?

ಇಲ್ಲಿಗೆ ಪುಸ್ತಕ ಮುಚ್ಚುವವರೇ ಜಾಸ್ತಿ. ನನ್ನ ಪ್ರಕಾರ ರುಚಿ ಶುರುವಾಗೋದೇ ಇಲ್ಲಿಂದ. ಆಳುಗಳ ಒಂದು ಗಂಟೆ ಹೆಚ್ಚಿಗೆ ಸಿಕ್ಕರೆ ಲಾಭ ಎಷ್ಟು ಏರುತ್ತದೆ? 36ರ ಜಾಗದಲ್ಲಿ 37 ಹಾಕಿ ಮತ್ತೆ ಬಿಡಿಸಿ: 5,175. ಅಂದರೆ 75 ರೂಪಾಯಿ. ಇದಕ್ಕೇ ಶ್ಯಾಡೋ ಪ್ರೈಸ್ ಅನ್ನೋದು. ಕೂಲಿ ಆಗಲೇ ಲೆಕ್ಕದಲ್ಲಿ ಕಳೆದಿರೋದರಿಂದ, ಮಾಮೂಲಿ ಕೂಲಿಯ ಮೇಲೆ ಗಂಟೆಗೆ 75 ರೂಪಾಯಿವರೆಗೆ ಹೆಚ್ಚು ಕೊಟ್ಟು ನಿಲ್ಲಿಸಿಕೊಂಡರೂ ನಷ್ಟವಿಲ್ಲ. ಕಬ್ಬಿಗೂ ಹೀಗೇ ಮಾಡಿ, ಟನ್ನಿಗೆ 200 ಬರುತ್ತದೆ. ಅಚ್ಚಿಗೆ? ಸೊನ್ನೆ. ಎಂಟು ಕ್ವಿಂಟಾಲಿನ ಅಚ್ಚಿನಲ್ಲಿ ಆರೇ ತುಂಬುತ್ತಿವೆ, ಹೊಸ ಅಚ್ಚು ತಂದು ಏನು ಮಾಡುತ್ತೀರಿ? ಮಾಲೀಕರು ಮೊದಲು ಕೇಳೋದು ಮಾತ್ರ ಹೊಸ ಅಚ್ಚಿನ ರೇಟನ್ನೇ!

ಈ 75 ಎಷ್ಟು ಗಂಟೆಗೆ ಬೇಕಾದರೂ ನಡೆಯೋದಿಲ್ಲ. ಗಂಟೆಗಳು 24ರಿಂದ 40ರ ಒಳಗೆ ಇದ್ದರೆ ಮಾತ್ರ. 40 ದಾಟಿದರೆ ಅಚ್ಚೇ ಸಾಲದೆ ಬರುತ್ತದೆ. ಯಾಕೆ 40 ಅಂತ ನೀವೇ ಗ್ರಾಫ್ ಮೇಲೆ ಗೆರೆ ಸರಿಸಿ ನೋಡಿ, ನಾನು ಹೇಳೋದಿಲ್ಲ.

ಈ ವಿದ್ಯೆ ಹುಟ್ಟಿದ್ದೂ ಇಂಥ ಪ್ರಶ್ನೆಯಿಂದಲೇ. ಸೋವಿಯತ್ ಗಣಿತಜ್ಞ ಕಾಂಟೊರೊವಿಚ್‌ಗೆ ಪ್ಲೈವುಡ್ ತಯಾರಕರು ಯಾವ ಮಷಿನ್ನಿಗೆ ಯಾವ ಕೆಲಸ ಕೊಡೋದು ಅಂತ ಕೇಳಿದ್ದರು. ಅವರು 1939ರಲ್ಲಿ ಉತ್ತರ ಪ್ರಕಟಿಸಿದರು, 1975ರಲ್ಲಿ ನೊಬೆಲ್ ಬಂತು. ಸಿಂಪ್ಲೆಕ್ಸ್ ಬಂದಿದ್ದು 1947ರಲ್ಲಿ, ಅಮೆರಿಕದ ಡಾಂಟ್ಸಿಗ್ ಅವರಿಂದ.

ಗ್ರಾಫ್ ಆದಮೇಲೆ ಇದೇ ಲೆಕ್ಕವನ್ನು ಎಕ್ಸೆಲ್ ಒಳಗೆ ಇಂಥ ಲೆಕ್ಕ ಬಿಡಿಸುವ ಸಾಲ್ವರ್‌ಗೆ ಹಾಕಿ. ಒಂದು ವಿಷಯ ನೋಡಿಕೊಳ್ಳಿ: ವಿಧಾನದ ಜಾಗದಲ್ಲಿ ಸಿಂಪ್ಲೆಕ್ಸ್ ಎಲ್.ಪಿ. ಆರಿಸಬೇಕು. ಸುಮ್ನೆ ಬಿಟ್ಟರೆ ಅದು ಜಿ.ಆರ್.ಜಿ. (ಗೆರೆ ನೇರವಿಲ್ಲದ ಲೆಕ್ಕಗಳ ವಿಧಾನ) ಅಂತ ಇರುತ್ತದೆ. ಆಗ ಸೆನ್ಸಿಟಿವಿಟಿ ರಿಪೋರ್ಟಿನಲ್ಲಿ (ಅಂಕಿ ಬದಲಾದರೆ ಉತ್ತರ ಎಷ್ಟು ಬದಲಾಗುತ್ತದೆ ಅಂತ ಹೇಳುವ ಪಟ್ಟಿಯಲ್ಲಿ) ಶ್ಯಾಡೋ ಪ್ರೈಸ್ ಅನ್ನೋ ಹೆಸರೇ ಕಾಣದೆ ಅದೇ ಅಂಕಿ ಲಗ್ರಾಂಜ್ ಮಲ್ಟಿಪ್ಲೈಯರ್ ಅಂತ ಬಂದು ಹುಡುಗರು ಗಾಬರಿ ಆಗುತ್ತಾರೆ. ರಿಪೋರ್ಟ್ ಓದೋಕೆ ಬಂದಮೇಲೆ ಕೈಯಲ್ಲಿ ಸಿಂಪ್ಲೆಕ್ಸ್ ಮಾಡಿ, ಪರೀಕ್ಷೆಗೆ ಬೇಕಲ್ಲ.

ಟ್ರಾನ್ಸ್‌ಪೋರ್ಟೇಷನ್, ಅಸೈನ್‌ಮೆಂಟ್ (ಸರಕು ಎಲ್ಲಿಂದ ಎಲ್ಲಿಗೆ, ಯಾವ ಕೆಲಸ ಯಾರಿಗೆ) ಎರಡೂ ಎಲ್.ಪಿ.ಯ ತಮ್ಮಂದಿರು. ಮಂಡ್ಯ, ಮದ್ದೂರು, ಪಾಂಡವಪುರದ ಸರಕು ಮೈಸೂರಿಗೆಷ್ಟು, ಬೆಂಗಳೂರಿಗೆಷ್ಟು ಅಂತ ಒಂದು ಚೌಕ ಬರೆದುಕೊಳ್ಳಿ. ಕಳಿಸುವ ಮೊತ್ತ, ಬೇಡಿಕೆಯ ಮೊತ್ತ ಸರಿಯಿದೆಯೇ ಅಂತ ಮೊದಲು ಕೂಡಿ ನೋಡಿ. ಇಲ್ಲದಿದ್ದರೆ, ಕಮ್ಮಿ ಇರುವ ಕಡೆ ಲೆಕ್ಕಕ್ಕೆ ಮಾತ್ರದ ಒಂದು ಡಮ್ಮಿ ಅಡ್ಡಸಾಲು ಅಥವಾ ಕಂಬಸಾಲು ಸೇರಿಸಿ. ಉಳಿದದ್ದು ಅಭ್ಯಾಸ.

ಪರ್ಟ್-ಸಿ.ಪಿ.ಎಂ. ಅಂದರೆ ಯಾವ ಕೆಲಸ ತಡವಾದರೆ ಇಡೀ ಯೋಜನೆಯೇ ತಡವಾಗುತ್ತದೆ ಅಂತ ಹುಡುಕೋದು. ಇದಕ್ಕೆ ಸೀಸನ್ ಮುಂಚಿನ ರಿಪೇರಿ ತೆಗೆದುಕೊಳ್ಳಿ. ಒಲೆ ಕಟ್ಟಿಸೋಕೆ ಬೇಗ ಅಂದರೆ 4 ದಿನ, ಸಾಮಾನ್ಯವಾಗಿ 6, ಗಾರೆಯವರು ಕೈ ಕೊಟ್ಟರೆ 14. ನಡುವಿನದನ್ನು ನಾಲ್ಕರಿಂದ ಗುಣಿಸಿ, ಮೂರನ್ನೂ ಕೂಡಿ, ಆರರಿಂದ ಭಾಗಿಸಿ: 7 ದಿನ. ಆಮೇಲೆ ಒಲೆ ಆರೋಕೆ 4 ದಿನ. ಗಾಣದ ಸರ್ವೀಸು 5 ದಿನದಲ್ಲಿ ಮುಗಿಯುತ್ತದೆ, ಒಲೆಯ ಜೊತೆಜೊತೆಗೇ ನಡೆಯುತ್ತದೆ. ಹಾಗಾಗಿ ಗಾಣದ ಮೆಕ್ಯಾನಿಕ್ ಎರಡು ದಿನ ತಡವಾಗಿ ಬಂದರೆ ಜಗಳ ಬೇಡ. ಗಾರೆಯವರಿಗೆ ಮಾತ್ರ ಬೆಳಿಗ್ಗೆಯೇ ಫೋನ್ ಮಾಡಿ.

ಇನ್ವೆಂಟರಿ (ದಾಸ್ತಾನು) ಅಂದರೆ ಎಲ್ಲರೂ ಇ.ಒ.ಕ್ಯೂ. ಸೂತ್ರ ಬಾಯಿಪಾಠ ಮಾಡುತ್ತಾರೆ, ಒಂದು ಸಲಕ್ಕೆ ಎಷ್ಟು ತರಿಸಿದರೆ ಖರ್ಚು ಕಮ್ಮಿ ಅಂತ ಹೇಳುವ ಸೂತ್ರ ಅದು. 1913ರಲ್ಲಿ ಹ್ಯಾರಿಸ್ ಅನ್ನುವವರು ಕೊಟ್ಟದ್ದು. ವರ್ಷಕ್ಕೆ 7,200 ಚೀಲ ಬೇಕು, ಒಂದು ಸಲ ತರಿಸೋ ಖರ್ಚು 400 ರೂಪಾಯಿ, ಒಂದು ಚೀಲ ವರ್ಷ ಇಟ್ಟುಕೊಳ್ಳೋಕೆ 4 ರೂಪಾಯಿ. 2 × 7,200 × 400 ಅನ್ನು 4ರಿಂದ ಭಾಗಿಸಿ ವರ್ಗಮೂಲ ತೆಗೆದರೆ 1,200. ತರಿಸೋ ಖರ್ಚು, ಇಡೋ ಖರ್ಚು ಸೇರಿ ವರ್ಷಕ್ಕೆ 4,800 ರೂಪಾಯಿ. ಈಗ ಬೇಕಂತಲೇ 1,500 ತರಿಸಿ ಲೆಕ್ಕ ಹಾಕಿ: 4,920. ಬರೀ 120 ರೂಪಾಯಿ ವ್ಯತ್ಯಾಸ! ಉತ್ತರದ ಅಕ್ಕಪಕ್ಕ ಖರ್ಚು ಅಷ್ಟೊಂದು ಏರೋದಿಲ್ಲ. ಲಾರಿಯಲ್ಲಿ ಜಾಗ ಇದ್ದರೆ 1,500 ತನ್ನಿ, ಯಾರೂ ಬಯ್ಯೋದಿಲ್ಲ.

ಕ್ಯೂಯಿಂಗ್, ಅಂದರೆ ಸರದಿ ಸಾಲಿನ ಲೆಕ್ಕ, ಕೊನೆಗೆ ಓದಿ. ಇದನ್ನು ಕೋಣೆಯಲ್ಲಿ ಕೂತು ಓದಬೇಡಿ, ಕಬ್ಬು ಅರೆಯುವ ಸೀಸನ್ನಿನಲ್ಲಿ ಯಾವುದಾದರೂ ಸಕ್ಕರೆ ಕಾರ್ಖಾನೆಯ ಯಾರ್ಡ್ ಹತ್ತಿರ ಹೋಗಿ. "ಗಂಟೆಗೆ ಎಷ್ಟ್ ಗಾಡಿ ಬತ್ತವೆ ಅಂತ ಯಾರ್ ಸಾ ಎಣಿಸ್ತಾರೆ?" ಅಂತ ಒಬ್ಬ ಟ್ರ್ಯಾಕ್ಟರ್‌ನವರು ನನ್ನನ್ನೇ ಕೇಳಿದ್ದರು. ಎಣಿಸಿದರೆ ಸಾಕು, ಒಂದೊಂದು ಗಾಡಿಗೂ ಗಡಿಯಾರ ಹಿಡಿದು ಕೂರೋದು ಬೇಡ. ಗಂಟೆಗೆ ಸರಾಸರಿ 10 ಗಾಡಿ ಒಳಗೆ ಬಂದು, ಯಾರ್ಡಿನಲ್ಲಿ ಸರಾಸರಿ 40 ಗಾಡಿ ನಿಂತಿದ್ದರೆ, ಒಂದೊಂದೂ ಸರಾಸರಿ 4 ಗಂಟೆ ಅಲ್ಲಿರುತ್ತದೆ. ಲಿಟ್ಲ್ ನಿಯಮ ಅಂತಾರೆ, 1961ರಲ್ಲಿ ಸಾಧಿಸಿ ತೋರಿಸಿದ್ದು.

ಇನ್ನೊಂದು ಲೆಕ್ಕ ಬಿಡಬೇಡಿ. ಗಾಡಿ ತೂಗುವ ತೂಕದ ಸೇತುವೆ (ವೇಬ್ರಿಡ್ಜ್) ಒಂದೇ ಇದೆ, ಗಾಡಿಗಳು ಹೇಗೆಂದರೆ ಹಾಗೆ ಬರುತ್ತವೆ, ತೂಕಕ್ಕೆ ಹಿಡಿಯುವ ಹೊತ್ತೂ ಹಾಗೇ ಏರುಪೇರು ಅಂತ ಇಟ್ಟುಕೊಳ್ಳಿ. ಸೇತುವೆ ದಿನದ ನೂರಕ್ಕೆ 80 ಭಾಗ ಬಿಜಿ ಇದ್ದರೆ ಸರಾಸರಿ 4 ಗಾಡಿ ಅಲ್ಲಿರುತ್ತವೆ. 90 ಆದರೆ 9. 95 ಆದರೆ 19. ಮಷಿನ್ ಸ್ವಲ್ಪವೂ ಸುಮ್ಮನಿರಬಾರದು ಅನ್ನುವ ಮ್ಯಾನೇಜರಿಗೆ ಈ ಮೂರು ಅಂಕಿ ತೋರಿಸಿ.

ಕಾರ್ಖಾನೆ ಪರ್ಮಿಟ್ ಕೊಟ್ಟು ಗಾಡಿ ಕರೆಸುತ್ತಿದ್ದರೆ ಬರುವಿಕೆ ಹೇಗೆಂದರೆ ಹಾಗೆ ಇರೋದಿಲ್ಲ, ಈ ಸೂತ್ರವೂ ಹೊಂದೋದಿಲ್ಲ. ಆಗ ಸಿಮ್ಯುಲೇಷನ್ (ನಡೆದದ್ದನ್ನು ಲೆಕ್ಕದಲ್ಲಿ ಮತ್ತೆ ನಡೆಸಿ ನೋಡೋದು) ಅಧ್ಯಾಯ ತೆಗೆಯಿರಿ. ಒಂದು ದಿನದ ಬಂದ ಹೊತ್ತು, ಹೋದ ಹೊತ್ತು ಬರೆದುಕೊಂಡು ಬಂದು, ಎಕ್ಸೆಲ್ ಶೀಟಿನಲ್ಲಿ ಒಂದು ಗಾಡಿಗೆ ಒಂದು ಸಾಲು ಹಾಕಿ, ಎರಡನೇ ತೂಕದ ಸೇತುವೆ ಇದ್ದಿದ್ದರೆ ಯಾರು ಎಷ್ಟು ಬೇಗ ಮನೆ ಸೇರುತ್ತಿದ್ದರು ಅಂತ ನೋಡಿ.